ಅರಗಿಳಿಯಿಂದ ಕಾನ್ಯೂರ್‌ವರೆಗೆ: ಗಡಿಮನೆಯೊಂದರ ಗಿಳಿಯ ಆಯ್ಕೆ

ಗಿಳಿ ಸಾಕುವುದು ನಮ್ಮ ನಾಡಿನಲ್ಲಿ ಬಹಳ ಹಳೆಯ ರೂಢಿ. ಆದರೆ ಯಾವ ಗಿಳಿಯನ್ನು ಸಾಕಬೇಕು ಎಂಬ ಪ್ರಶ್ನೆ ತೀರ ಹೊಸದು. ನಮ್ಮ ಹಿರಿಯರಿಗೆ ಗಿಳಿ ಎಂದರೆ ಒಂದೇ: ಹಸಿರು ಮೈ, ಕೆಂಪು ಕೊಕ್ಕು, ಗಂಡಾಗಿದ್ದರೆ ಕೊರಳಲ್ಲೊಂದು ಕರಿ-ಗುಲಾಬಿ ಬಣ್ಣದ ಉಂಗುರ. ಅದನ್ನು ಸಾಕುವುದೋ ಬಿಡುವುದೋ ಎಂಬುದಷ್ಟೇ ಅವರ ಮುಂದಿದ್ದ ಆಯ್ಕೆ. ಈಗ ಹಾಗಲ್ಲ. ತೆಂಕಣ ಅಮೆರಿಕದ ಕಾಡಿನ ಕಾನ್ಯೂರ್ ಎಂಬ ಗಿಳಿ ನಮ್ಮ ಸಣ್ಣ ಊರುಗಳ ಮನೆಗಳವರೆಗೂ ಬಂದಿದೆ. ಅದು ಹೇಗೆ ಬಂತು, ಅದಕ್ಕೆ ಎಡೆ ಮಾಡಿಕೊಟ್ಟು ನಮ್ಮ ಗಿಳಿ ಪಂಜರದಿಂದ ಹೇಗೆ ಹೊರಗೆ ಹೋಯಿತು ಎಂಬುದು ಕೇವಲ ಹಕ್ಕಿಯ ಕಥೆಯಲ್ಲ. ಮನೆಯ ಮಾತಿನ ಕಥೆಯೂ ಹೌದು.

ಈ ಲೇಖನಕ್ಕೆ ಕಾರಣವಾದದ್ದು ತೆಲಂಗಾಣದ ಮಕ್ತಲದಲ್ಲಿ ನಡೆದ ಒಂದು ಮಾತುಕತೆ. ಗಡಿನಾಡ ಕನ್ನಡಿಗರ ಸಭೆಯೊಂದರಲ್ಲಿ ಪರಿಚಯವಾದ ಮಿತ್ರರೊಬ್ಬರ ಮನೆ ಅದು. ಮನೆಯಲ್ಲಿ ಎಂಬತ್ತು ದಾಟಿದ ತಂದೆಯವರಿದ್ದಾರೆ, ಹತ್ತು ವರ್ಷದ ಮಗಳಿದ್ದಾಳೆ. ಮಗಳು ಮೊಬೈಲಿನಲ್ಲಿ ಹಳದಿ-ಕಿತ್ತಳೆ ಬಣ್ಣದ ಒಂದು ಗಿಳಿಯನ್ನು ತೋರಿಸಿ, ಅದು ಬೇಕೆಂದು ಹಟ ಹಿಡಿದಿದ್ದಳು. ಹಿರಿಯರು ಒಪ್ಪಲಿಲ್ಲ.

"ಸಾಕೋದಾದ್ರ ಮಾತಾಡೋ ಗಿಣೀನ ಸಾಕ್ರಿ. ಮಾತು ಬರದ ಹಕ್ಕಿ ತಂದು ಏನ್ ಮಾಡ್ತೀರಿ?" ಎಂದರು. ಅವರು ಹುಡುಗರಾಗಿದ್ದಾಗ ಮನೆಯಲ್ಲೊಂದು ಗಿಳಿ ಇತ್ತಂತೆ. ಬಾಗಿಲಲ್ಲಿ ಯಾರ ಸಪ್ಪಳವಾದರೂ "ಯಾರ್ ಬಂದಾರ ನೋಡ್ರಿ" ಎನ್ನುತ್ತಿತ್ತಂತೆ.

"ಹೊಸ ಹುಡುಗರ ಬಾಯಾಗ ಕನ್ನಡ ಇಲ್ಲ. ಗಿಣಿ ಬಾಯಾಗರ ಇರ್ಲಿ" ಎಂದು ಹಿರಿಯರು ನಕ್ಕರು. ಆ ನಗೆಯಲ್ಲಿ ನೋವೂ ಇತ್ತು. ಹುಡುಗಿ ಓದುತ್ತಿರುವುದು ಇಂಗ್ಲಿಷ್ ಮಾಧ್ಯಮದಲ್ಲಿ. ಓರಗೆಯವರೊಡನೆ ಆಡುವುದು ತೆಲುಗು. ಆ ಮಾತು ನಮಗೆ, ಕಾಸರಗೋಡಿನವರಿಗೆ, ಹೊಸದೇನಲ್ಲ. ನಮ್ಮಲ್ಲಿ ತೆಲುಗಿನ ಜಾಗದಲ್ಲಿ ಮಲಯಾಳ ಇದೆ, ಅಷ್ಟೆ.

ಆ ಊರುಗಳಿಗೂ ನಮಗೂ ಇರುವ ನಂಟನ್ನು ಇಲ್ಲಿ ಹೇಳಬೇಕು. 1956ರ ರಾಜ್ಯ ಪುನರ್‌ವಿಂಗಡಣೆಯ ಕಾನೂನು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕನ್ನು ಕೇರಳಕ್ಕೆ ಸೇರಿಸಿತು. ಅದೇ ಕಾನೂನು ರಾಯಚೂರು ಜಿಲ್ಲೆಯ ಗದ್ವಾಲ ಮತ್ತು ಆಲಂಪುರ ತಾಲೂಕುಗಳನ್ನು ಆಂಧ್ರಪ್ರದೇಶಕ್ಕೆ ಸೇರಿಸಿತು. ಎರಡೂ ಜಾರಿಗೆ ಬಂದದ್ದು ಆ ವರ್ಷದ ನವೆಂಬರ್ 1ರಂದು. ಮಕ್ತಲ ಮತ್ತು ನಾರಾಯಣಪೇಟೆ ನಿಜಾಮರ ಕಾಲದಲ್ಲೇ ಮಹಬೂಬನಗರ ಜಿಲ್ಲೆಯಲ್ಲಿದ್ದವು. ತೆಲಂಗಾಣ 2014ರಲ್ಲಿ ಬೇರೆ ರಾಜ್ಯವಾದ ಮೇಲೆ 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯೂ 2019ರಲ್ಲಿ ನಾರಾಯಣಪೇಟೆ ಜಿಲ್ಲೆಯೂ ಆದವು. ಕೃಷ್ಣಾ ನದಿ ದಾಟಿದರೆ ರಾಯಚೂರು. ಹೊಳೆಯ ಈಚೆಗೆ ಕೃಷ್ಣಾ, ಮಾಗನೂರು ಕಡೆಯ ಹಳ್ಳಿಗಳಲ್ಲಿ ಕನ್ನಡ ಇನ್ನೂ ಮನೆಮಾತು. ನಾರಾಯಣಪೇಟೆ, ಗದ್ವಾಲಗಳ ಹೆಸರನ್ನು ನಮ್ಮ ಹೆಂಗಸರು ಸೀರೆಗಳಿಂದ ಬಲ್ಲರು.

ಅಲ್ಲಿಯ ಪೇಟೆಯಲ್ಲಿ ಗಿಳಿಗೆ ಒಂದು ಹೆಸರಿಲ್ಲ. ಕನ್ನಡದವರಿಗೆ ಗಿಣಿ, ತೆಲುಗರಿಗೆ ಚಿಲುಕ, ಉರ್ದು ಆಡುವವರಿಗೆ ತೋತಾ, ಮರಾಠಿಯವರಿಗೆ ಪೋಪಟ. ನಮ್ಮಲ್ಲಿ ಗಿಳಿ, ತತ್ತೆ, ಕಿಳಿ ಇದ್ದ ಹಾಗೆ. ಯಾವ ಮನೆಯಲ್ಲಿ ಇದೆಯೋ ಆ ಮನೆಯ ಹೆಸರು ಅದಕ್ಕೆ. ಆ ಮನೆಯ ಮಾತೇ ಅದಕ್ಕೆ ಮಾತು.

ಈ ವಿಷಯ ಹೊರಗಿನವರಿಗೆ ಬಹು ಹಿಂದೆಯೇ ಹೊಳೆದಿತ್ತು. ಕ್ರಿಸ್ತಪೂರ್ವ 400ರ ಸುಮಾರಿಗೆ ಪಾರಸಿಕ ಅರಸರ ಆಸ್ಥಾನದಲ್ಲಿದ್ದ ಕ್ಟೀಸಿಯಸ್ ಎಂಬ ಗ್ರೀಕ್ ವೈದ್ಯ ಭಾರತದ ಬಗೆಗೆ ಬರೆದ ಗ್ರಂಥದಲ್ಲಿ ಬಿಟ್ಟಕೊಸ್ ಎಂಬ ಹಕ್ಕಿಯನ್ನು ವರ್ಣಿಸಿದ್ದಾನೆ. ಅದು ಮನುಷ್ಯನಂತೆ ಭಾರತದ ಭಾಷೆಯನ್ನಾಡುತ್ತದೆ, ಗ್ರೀಕ್ ಕಲಿಸಿದರೆ ಗ್ರೀಕನ್ನೂ ಆಡುತ್ತದೆ ಎಂದು ಅವನು ಹೇಳುತ್ತಾನೆ. ಪಶ್ಚಿಮ ದೇಶದವರ ಬರಹದಲ್ಲಿ ನಮ್ಮ ಗಿಳಿ ಮೊದಲು ಕಾಣಿಸಿಕೊಂಡದ್ದೇ ಎರಡು ಭಾಷೆಯ ಹಕ್ಕಿಯಾಗಿ.

ನಮ್ಮಲ್ಲಿಯೂ ಗಿಳಿಯನ್ನು ಆರಿಸುತ್ತಿದ್ದದ್ದು ಮಾತಿಗಾಗಿಯೇ. ಗಿಳಿಗೂ ಶಾರಿಕೆಗೂ ಮಾತು ಕಲಿಸುವುದನ್ನು ವಾತ್ಸ್ಯಾಯನ 64 ಕಲೆಗಳಲ್ಲಿ ಒಂದೆಂದು ಎಣಿಸಿದ್ದಾನೆ. ಕನ್ನಡದಲ್ಲಿ ಅರಗಿಳಿ ಎಂಬ ಮಾತೇ ಇದೆ; ಅರಸನ ಗಿಳಿ, ಅರಮನೆಯ ಗಿಳಿ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರು ಚೆನ್ನಕೇಶವ ದೇಗುಲದ ಮದನಿಕೆಯರಲ್ಲಿ ಗಿಳಿಯೊಡನೆ ಮಾತಾಡುವ ಶುಕಭಾಷಿಣಿ ಇದ್ದಾಳೆ. ಧಾರವಾಡದ ಕಡೆಯ ಕಸೂತಿಯಲ್ಲಿ ಗೋಪುರ, ತೇರು, ತುಳಸಿಕಟ್ಟೆಗಳ ಜೊತೆಗೆ ಗಿಳಿಯೂ ಸೀರೆಗೆ ಏರಿದೆ.

ಕಥೆ ಹೇಳುವ ಕೆಲಸವನ್ನೂ ಗಿಳಿಗೆ ಒಪ್ಪಿಸಿದವರು ನಾವು. ಬಾಣಭಟ್ಟನ ಕಾದಂಬರಿಯನ್ನು ನಾಗವರ್ಮ ಕನ್ನಡದಲ್ಲಿ ಚಂಪೂಕಾವ್ಯವಾಗಿ ರಚಿಸಿದ. ಅಲ್ಲಿ ಶೂದ್ರಕನ ಸಭೆಯಲ್ಲಿ ಕಥೆಯನ್ನು ತೊಡಗುವುದು ವೈಶಂಪಾಯನ ಎಂಬ ಗಿಳಿ. ಮಲಯಾಳದಲ್ಲಿ ತುಂಜತ್ತ್ ಎಳುತ್ತಚ್ಚನ್ 16ನೆಯ ಶತಮಾನದಲ್ಲಿ ಅಧ್ಯಾತ್ಮ ರಾಮಾಯಣವನ್ನು ಗಿಳಿಯ ಬಾಯಲ್ಲೇ ಹೇಳಿಸಿದ. ಕಿಳಿಪ್ಪಾಟ್ಟ್ ಎಂಬ ಕಾವ್ಯಪ್ರಕಾರವೇ ಅದರಿಂದ ನೆಲೆಗೊಂಡಿತು. ಸಂಸ್ಕೃತದ ಶುಕಸಪ್ತತಿ ಪಾರಸಿಗೆ ಹೋಗಿ ತೂತಿನಾಮಾ ಆಯಿತು. 17ನೆಯ ಶತಮಾನದಲ್ಲಿ ಗೋಲ್ಕೊಂಡದ ಆಸ್ಥಾನಕವಿ ಗವ್ವಾಸಿ ಅದನ್ನು ದಖನಿ ಭಾಷೆಗೆ ತಂದ. ಹೀಗೆ ಕನ್ನಡ, ಮಲಯಾಳ, ದಖನಿ ಮೂರರಲ್ಲೂ ಗಿಳಿ ಕಥೆಗಾರನಾಗಿದೆ. ಮಕ್ತಲದ ಹಿರಿಯರು ಮಾತಾಡುವ ಗಿಳಿಯನ್ನೇ ಬಯಸಿದ್ದರೆ ಅದರ ಹಿಂದೆ ಇಷ್ಟು ದೊಡ್ಡ ಪರಂಪರೆಯಿದೆ.

ಆದರೆ ಅದೇ ಕಾದಂಬರಿಯಲ್ಲಿ ಇನ್ನೊಂದು ಸಂಗತಿ ಇದೆ. ನಾವು ಅದನ್ನು ಓದಿಯೂ ಮರೆಯುತ್ತೇವೆ. ವೈಶಂಪಾಯನ ಅರಮನೆಯಲ್ಲಿ ಹುಟ್ಟಿದ್ದಲ್ಲ. ಪಂಪಾ ಸರೋವರದ ಬಳಿಯ ಹಳೆಯ ಬೂರುಗದ ಮರದ ಪೊಟರೆಯಲ್ಲಿ ಹುಟ್ಟಿದ್ದು. ಒಂದು ದಿನ ಮುದುಕ ಬೇಡನೊಬ್ಬ ಆ ಮರ ಹತ್ತಿ, ಪೊಟರೆ ಪೊಟರೆಗೆ ಕೈ ಹಾಕಿ, ಮರಿಗಳನ್ನು ಎಳೆದು ಕೊರಳು ಮುರಿದು ನೆಲಕ್ಕೆಸೆಯುತ್ತಾನೆ. ವೈಶಂಪಾಯನನ ತಂದೆ ಮರಿಯನ್ನು ರೆಕ್ಕೆಯಲ್ಲಿ ಮುಚ್ಚಿಕೊಂಡು ಸಾಯುತ್ತದೆ. ತಂದೆಯ ಮೈಯೊಡನೆ ಕೆಳಗೆ ಬಿದ್ದ ಮರಿ ಒಣಗಿದ ತರಗೆಲೆಗಳ ರಾಶಿಯಿಂದಾಗಿ ಉಳಿದುಕೊಳ್ಳುತ್ತದೆ. ಮಾತು ಬಲ್ಲ ಒಂದು ಗಿಳಿ ಸಭೆಗೆ ಬರುವ ಮೊದಲು ಒಂದು ಮರವೇ ಬರಿದಾಗಿತ್ತು. ಬೇಡ ಕೊಂದದ್ದು ತಿನ್ನಲಿಕ್ಕೆ, ನಿಜ. ಆದರೆ ಪೊಟರೆಗೆ ಹೋಗುವ ಕೈ ಹೇಗಿರುತ್ತದೆ ಎಂಬುದನ್ನು ಬಾಣ ಗಿಳಿಯ ಕಡೆಯಿಂದ ನೋಡಿ ಬರೆದ.

ಪಂಜರದ ಗಿಳಿಗಳು ಬರುತ್ತಿದ್ದದ್ದೂ ಪೊಟರೆಗಳಿಂದಲೇ. ಚಳಿಗಾಲ ಕಳೆಯುವ ಹೊತ್ತಿಗೆ ಗಿಳಿಗಳು ಮರದ ಪೊಟರೆಗಳಲ್ಲಿ ಮೊಟ್ಟೆಯಿಡುತ್ತವೆ. ರೆಕ್ಕೆ ಬಲಿಯುವ ಮೊದಲೇ ಮರಿ ತೆಗೆದರೆ ಮನುಷ್ಯನ ಕೈಗೆ ಒಗ್ಗುತ್ತದೆ, ಮಾತು ಬೇಗ ಕಲಿಯುತ್ತದೆ ಎಂಬುದು ಹಿಡಿಯುವವರ ಲೆಕ್ಕ. ರೈತನಿಗೂ ಬೇಸರವಿರಲಿಲ್ಲ. ಜೋಳದ ತೆನೆಗೆ, ಸೂರ್ಯಕಾಂತಿಗೆ, ಸೀಬೆಯ ತೋಟಕ್ಕೆ ಗಿಳಿಯ ಹಿಂಡು ಎರಗಿದರೆ ನಷ್ಟ ಸಣ್ಣದಲ್ಲ. ಗದ್ದೆಯಲ್ಲಿ ಗಿಳಿ ಸೋವುವ ಹೆಣ್ಣುಮಕ್ಕಳ ವರ್ಣನೆ ನಮ್ಮ ಹಳೆಯ ಕಾವ್ಯಗಳಲ್ಲಿ ಬರುವುದು ಸುಮ್ಮನೆ ಅಲಂಕಾರಕ್ಕಲ್ಲ. ಹೊಲದಲ್ಲಿ ಕವಣೆ ಕಲ್ಲು, ಮನೆಯಲ್ಲಿ ಹಾಲು ಹಣ್ಣು. ಒಂದೇ ಹಕ್ಕಿಗೆ ಎರಡು ಸತ್ಕಾರ.

ಸ್ವಾತಂತ್ರ್ಯ ಬಂದ ಮೇಲೂ ಬಹುಕಾಲ ಇದು ಮುಂದುವರಿಯಿತು. ಹೊರದೇಶಗಳಿಗೂ ಗಿಳಿಗಳು ಪೆಟ್ಟಿಗೆಗಳಲ್ಲಿ ಹೋದವು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1990-91ರಲ್ಲಿ ದೇಶದ ಕಾಡುಹಕ್ಕಿಗಳ ವ್ಯಾಪಾರವನ್ನು, ಒಳಗೂ ಹೊರಗೂ, ಪೂರ್ಣವಾಗಿ ನಿಷೇಧಿಸಲಾಯಿತು. 2022ರಲ್ಲಿ ಕಾಯ್ದೆಗೆ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ನಮ್ಮ ಸಾಮಾನ್ಯ ಗಿಳಿ ಈಗ ಎರಡನೆಯ ಅನುಸೂಚಿಯಲ್ಲಿದೆ. ಅದನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಪಂಜರದಲ್ಲಿ ಇಡುವುದು ಅಪರಾಧ. ಮೂರು ವರ್ಷಗಳವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ವಿಧಿಸಬಹುದು. ಗಿಳಿಶಾಸ್ತ್ರದವನ ಕೈಯ ಗಿಳಿಗೂ ಇದೇ ಕಾನೂನು. "ನಮ್ಮಜ್ಜನ ಕಾಲದಿಂದ ಸಾಕಿದ್ದೇವೆ" ಎಂಬ ಸಮಜಾಯಿಷಿ ನಡೆಯದು.

ಪಂಜರ ಬರಿದಾಯಿತು, ಆಸೆ ಬರಿದಾಗಲಿಲ್ಲ. ಆ ಜಾಗಕ್ಕೆ ಬಂದ ಹೊರನಾಡ ಹಕ್ಕಿಗಳಲ್ಲಿ ಕಾನ್ಯೂರ್ ಒಂದು.

ಕಾನ್ಯೂರ್ ಎಂಬುದು ಒಂದೇ ಜಾತಿಯ ಹೆಸರಲ್ಲ. ಹಿಂದೆ ವಿಜ್ಞಾನಿಗಳು ಅಮೆರಿಕ ಖಂಡಗಳ ಹಲವು ಗಿಳಿಗಳನ್ನು ಕಾನೂರಸ್ ಎಂಬ ಕುಲಕ್ಕೆ ಸೇರಿಸಿದ್ದರು. ಗ್ರೀಕಿನಲ್ಲಿ ಅದಕ್ಕೆ ಶಂಕುವಿನಂತಹ ಬಾಲವುಳ್ಳದ್ದು ಎಂದರ್ಥ. ಆ ಕುಲ ಈಗ ಹಲವಾಗಿ ಒಡೆದಿದೆ. ಹೆಸರು ಮಾತ್ರ ಹಕ್ಕಿ ಸಾಕುವವರ ಬಾಯಲ್ಲಿ ಉಳಿದಿದೆ. ಮಕ್ತಲದ ಹುಡುಗಿ ತೋರಿಸಿದ್ದು ಸನ್ ಕಾನ್ಯೂರ್, ಸೂರ್ಯನ ಬಣ್ಣದ ಗಿಳಿ. ಲಿನ್ನೇಯಸ್ 1758ರಲ್ಲೇ ಅದಕ್ಕೆ ವೈಜ್ಞಾನಿಕ ಹೆಸರಿಟ್ಟ. ಅದರ ತವರು ಬ್ರೆಜಿಲಿನ ಉತ್ತರದ ಅಂಚು ಮತ್ತು ಗಯಾನಾ. ಇನ್ನೊಂದು ಗ್ರೀನ್ ಚೀಕ್ ಕಾನ್ಯೂರ್, ಹಸಿರು ಕೆನ್ನೆಯದು. ಬೊಲಿವಿಯಾ ಮತ್ತು ಅದರ ಸುತ್ತಲ ದೇಶಗಳದ್ದು.

ಈ ಬಳಗದ ಚರಿತ್ರೆಯೂ ನಮ್ಮ ಗಿಳಿಯ ಚರಿತ್ರೆಗಿಂತ ಬೇರೆಯಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಕ್ಯಾರೊಲಿನಾ ಗಿಳಿ ಎಂಬ ಇವುಗಳ ಬಂಧು ದೊಡ್ಡ ದೊಡ್ಡ ಹಿಂಡುಗಳಲ್ಲಿತ್ತು. ತೋಟದ ಹಣ್ಣು ತಿನ್ನುತ್ತದೆಂದು ರೈತರು ಗುಂಡು ಹೊಡೆದರು. ಒಂದು ಹಕ್ಕಿ ಗಾಯಗೊಂಡು ಬಿದ್ದರೆ ಹಿಂಡು ಅದರ ಸುತ್ತ ಮತ್ತೆ ಮತ್ತೆ ಬಂದು ಸೇರುತ್ತಿತ್ತು. ಬಂದದ್ದೂ ಗುಂಡಿಗೆ ಬಲಿಯಾಗುತ್ತಿತ್ತು. ಕಾಡೂ ಕಡಿಯಲ್ಪಟ್ಟಿತು. ಸೆರೆಯಲ್ಲಿದ್ದ ಕೊನೆಯ ಹಕ್ಕಿ 1918ರ ಫೆಬ್ರವರಿ 21ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಸನ್ ಕಾನ್ಯೂರನ್ನಂತೂ ಅದರ ಬಣ್ಣವೇ ಕಾಡಿತು. ವ್ಯಾಪಾರಕ್ಕಾಗಿ ಹಿಡಿದು ಹಿಡಿದು ಕಾಡಿನಲ್ಲಿ ಅದು ಈಗ ಅಳಿವಿನ ಅಂಚಿಗೆ ಬಂದಿದೆ. ಗಯಾನಾದ ಕರಸಬಾಯ್ ಎಂಬ ಹಳ್ಳಿಯಲ್ಲಿ ಮಕುಶಿ ಜನ ತಮ್ಮ ಸುತ್ತಲಿನ ಹಿಂಡುಗಳನ್ನು ಹಿಡಿದು ಮಾರುವ ಬದಲು ಕಾಯುತ್ತಿದ್ದಾರೆ.

ಗಿಳಿಗಳ ದೂರದ ಸಾಗಾಟ ಇನ್ನೊಂದು ಕೇಡನ್ನೂ ತಂದಿತ್ತು. 1929-30ರಲ್ಲಿ ಅರ್ಜೆಂಟೀನಾದಿಂದ ಹೋದ ಗಿಳಿಗಳ ಮೂಲಕ ಗಿಳಿಜ್ವರ ಎಂಬ ಸಾಂಕ್ರಾಮಿಕ ಹಲವು ದೇಶಗಳ ಮನೆಗಳಿಗೆ ಹೊಕ್ಕು ಜನ ಸತ್ತರು. ಅಮೆರಿಕದಲ್ಲಿ ಹಬ್ಬಕ್ಕೆ ಉಡುಗೊರೆಯಾಗಿ ತಂದ ಗಿಳಿಗಳಿಂದ ಜ್ವರ ಹಬ್ಬಿ, 1930ರ ಜನವರಿಯಲ್ಲಿ ಗಿಳಿಗಳ ಆಮದನ್ನೇ ತಡೆದರು. ಮುಂದೆ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹಿಡಿತದಲ್ಲಿಡುವ ಸೈಟಿಸ್ ಎಂಬ ಒಪ್ಪಂದವಾಯಿತು. ಭಾರತ 1976ರಲ್ಲಿ ಅದಕ್ಕೆ ಸೇರಿತು. 1981ರಲ್ಲಿ, ಎರಡು ಮೂರು ಜಾತಿಗಳನ್ನು ಬಿಟ್ಟು, ಲೋಕದ ಎಲ್ಲ ಗಿಳಿಗಳನ್ನೂ ಅದರ ಪಟ್ಟಿಗೆ ಸೇರಿಸಲಾಯಿತು. ಯುರೋಪಿನ ಒಕ್ಕೂಟ 2005ರಲ್ಲಿ ಕಾಡುಹಕ್ಕಿಗಳ ಆಮದನ್ನು ನಿಲ್ಲಿಸಿತು. ಹೀಗೆ ಕಾಡಿನಿಂದ ಹಿಡಿಯುವ ದಾರಿ ಕಿರಿದಾದಂತೆ ಗೂಡುಪೆಟ್ಟಿಗೆಗಳಲ್ಲಿ ಮರಿ ಮಾಡಿಸುವ ದಾರಿ ಅಗಲವಾಯಿತು. ನಮ್ಮ ದೇಶದಲ್ಲಿ ಮಾರಾಟಕ್ಕೆ ಬರುವ ಕಾನ್ಯೂರುಗಳು ಹೆಚ್ಚಾಗಿ ಸಾಕಣೆಯಲ್ಲೇ ಹುಟ್ಟಿದವು.

ಚರಿತ್ರೆಯ ದೃಷ್ಟಿಯಿಂದ ಇದು ದೊಡ್ಡ ಬದಲಾವಣೆ. ಸಾವಿರಾರು ವರ್ಷ ನಾವು ಮರದಿಂದ ಗಿಳಿಯನ್ನು ತೆಗೆದೆವು. ಈಗ ಮರವನ್ನೇ ಕಾಣದ ಗಿಳಿಯನ್ನು ತರುತ್ತಿದ್ದೇವೆ. ಅದನ್ನು ಬಿಡುಗಡೆ ಮಾಡುತ್ತೇನೆಂದು ಆಕಾಶಕ್ಕೆ ಹಾರಿಸಿದರೆ ಪುಣ್ಯ ಬರುವುದಿಲ್ಲ. ಅದಕ್ಕೆ ಇಲ್ಲಿ ಕಾಡಿಲ್ಲ, ಹಿಂಡಿಲ್ಲ, ತಿನ್ನುವುದೇನೆಂಬ ತಿಳಿವಿಲ್ಲ. ಆದ್ದರಿಂದ ಕಾನ್ಯೂರನ್ನು ಆರಿಸುವುದೆಂದರೆ ಅದರ ಆಯುಷ್ಯದ ಹೊಣೆಯನ್ನೇ ಹೊರುವುದು. ಚೆನ್ನಾಗಿ ನೋಡಿಕೊಂಡರೆ ಈ ಹಕ್ಕಿಗಳು 20 ವರ್ಷವೂ ಅದಕ್ಕಿಂತ ಹೆಚ್ಚೂ ಬಾಳುತ್ತವೆ. ಹತ್ತು ವರ್ಷದ ಹುಡುಗಿಗೆ ಮೂವತ್ತಾಗುವ ತನಕ ಅದು ಇರಬಹುದು. ಅವಳು ಓದಲಿಕ್ಕೆ ಹೈದರಾಬಾದಿಗೆ ಹೋದ ಮೇಲೆ ಯಾರು ನೋಡುತ್ತಾರೆ ಎಂದು ಮಿತ್ರರನ್ನು ಕೇಳಿದೆ. ಅವರ ಮನೆಯವರು ಮೊದಲ ಬಾರಿ ಮಾತಿಗೆ ಬಂದು, "ನಾನೇ ನೋಡಬೇಕಲ್ರಿ, ಮತ್ಯಾರು?" ಎಂದರು. ಅಲ್ಲಿಂದ ನಾವು ಅವರೊಡನೆಯೇ ಮಾತು ಮುಂದುವರಿಸಿದೆವು.

ಹೇಳಿದ್ದು ಇಷ್ಟು. ಸನ್ ಕಾನ್ಯೂರ್ ಒಂದಡಿ ಉದ್ದ, ನೂರು ಗ್ರಾಮಿಗಿಂತ ತುಸು ಹೆಚ್ಚು ತೂಕ. ಆದರೆ ಕೂಗು ಒಂದು ಬೀದಿಗೆ ಸಾಕು. ಕಾಡಿನಲ್ಲಿ ದೂರದ ಹಿಂಡನ್ನು ಕರೆಯುವ ಕೂಗು ಅದು. ಗೋಡೆಗೆ ಗೋಡೆ ತಾಗಿದ ಪೇಟೆಯ ಮನೆಗೆ ತಕ್ಕುದಲ್ಲ. ಹಸಿರು ಕೆನ್ನೆಯದು ಸುಮಾರು 25 ಸೆಂಟಿಮೀಟರ್, 60ರಿಂದ 80 ಗ್ರಾಮ್. ಸದ್ದು ಬಹಳ ಕಡಿಮೆ. ಇನ್ನೂ ಕೈತುತ್ತು ಬಿಡದ ಮರಿಯನ್ನು ಕಡಿಮೆ ಬೆಲೆಗೆ ಕೊಡುತ್ತೇವೆಂದರೆ ತರಬಾರದು; ತಾನಾಗಿ ಕಾಳು ಹಣ್ಣು ತಿನ್ನುವುದನ್ನು ಕಣ್ಣಾರೆ ನೋಡಿ ತರಬೇಕು. ಮರಿಯಾಗಿದ್ದಾಗಲೇ ಕಾಲಿಗೆ ಹಾಕಿದ ಮುಚ್ಚುಬಳೆ ಇದ್ದರೆ ಅದು ಸಾಕಣೆಯಲ್ಲಿ ಹುಟ್ಟಿದ್ದೆಂಬುದಕ್ಕೆ ಒಂದು ಗುರುತು. ಮಾರುವವನಿಂದ ಕಾಗದ ಪಡೆಯಬೇಕು. 2024ರ ಫೆಬ್ರವರಿಯಲ್ಲಿ ಬಂದ ನಿಯಮಗಳಂತೆ ಸೈಟಿಸ್ ಪಟ್ಟಿಯ ಇಂಥ ಜೀವಿಗಳನ್ನು ಇಟ್ಟುಕೊಂಡವರು ಸರಕಾರದ ಪರಿವೇಶ್ ಜಾಲತಾಣದ ಮೂಲಕ ನೋಂದಾಯಿಸಬೇಕು; ಹೊಸದಾಗಿ ತಂದವರಿಗೆ 30 ದಿನಗಳ ಗಡುವು. ಕೈ ಬದಲಾದರೂ ಹಕ್ಕಿ ಸತ್ತರೂ ತಿಳಿಸಬೇಕು.

ಅಡಿಗೆಮನೆಯಿಂದ ಪಂಜರ ದೂರವಿರಬೇಕು. ಅಂಟದ ಲೇಪನದ ಕಾವಲಿ ಅತಿಯಾಗಿ ಕಾದರೆ ಬರುವ ಹೊಗೆಗೆ ಹಕ್ಕಿ ನಿಮಿಷಗಳಲ್ಲಿ ಸಾಯುತ್ತದೆ. ಹಕ್ಕಿ ಹೊರಗಿರುವಾಗ ಮಾಳಿಗೆಯ ಫ್ಯಾನು ತಿರುಗಬಾರದು. ಚಹಾ, ಚಾಕಲೇಟು, ಬೆಣ್ಣೆಹಣ್ಣು, ಉಪ್ಪುಖಾರದ ತಿಂಡಿ ಕೂಡದು. ಕೃಷ್ಣೆಯ ಆ ದಡದ ಬೇಸಗೆ ನಮ್ಮ ಕರಾವಳಿಯಂತಲ್ಲ. ಬಿಸಿಲು ಬೀಳದ, ಗಾಳಿಯಾಡುವ ಮೂಲೆ ಬೇಕು. ದಿನವೂ ಒಂದೆರಡು ಗಂಟೆ ಯಾರಾದರೂ ಅದರೊಡನೆ ಇರಬೇಕು. ಹಿಂಡಿನ ಹಕ್ಕಿ ಒಂಟಿಯಾದರೆ ತನ್ನ ಗರಿಯನ್ನೇ ಕಿತ್ತುಕೊಳ್ಳುತ್ತದೆ.

ಇಷ್ಟಾದ ಮೇಲೆ ಹಿರಿಯರು ತಮ್ಮ ಪ್ರಶ್ನೆಗೇ ಬಂದರು. "ಮಾತು?" ಎಂದರು.

ನಿಜವನ್ನೇ ಹೇಳಬೇಕಾಯಿತು. ಕಾನ್ಯೂರುಗಳಿಗೆ ಮಾತು ಹತ್ತುವುದು ಕಡಿಮೆ. ಕೆಲವು ಒಂದೆರಡು ಪದ ಹಿಡಿಯುತ್ತವೆ, ಅದೂ ಸ್ಪಷ್ಟವಲ್ಲ. ಹಸಿರು ಕೆನ್ನೆಯದರಲ್ಲಿ ಎಷ್ಟೋ ಹಕ್ಕಿಗಳು ಏನನ್ನೂ ಕಲಿಯುವುದಿಲ್ಲ. ನಮ್ಮ ಗಿಳಿಯ ಹತ್ತಿರಕ್ಕೂ ಅವು ಬರಲಾರವು. ಹೆಗಲ ಮೇಲೆ ಕುಳಿತು ಕೂದಲಲ್ಲಿ ಮುಖ ಮರೆಸುವುದೇ ಅವುಗಳ ಸ್ನೇಹ.

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಹುಡುಗಿ ಕೇಳಿದಳು: "ತಾತ, ನಿಮ್ಮ ಗಿಣಿ ಎಲ್ಲಿಂದ ತಂದಿದ್ರಿ?"

"ಹೊಲದಾಗ ಒಂದು ಬೇವಿನ ಗಿಡ ಇತ್ತು. ಅದರ ಪೊಟರ್ಯಾಗಿಂದ. ನಾಕು ಮರಿ ತಂದಿದ್ವಿ."

"ಉಳದ ಮೂರು?"

"ಸತ್ತುವು" ಎಂದರು. ಆ ಮೂರರ ಸುದ್ದಿಯನ್ನು ಮನೆಯಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ. ಮಾತಾಡಿದ ಒಂದರ ಕಥೆ ಮಾತ್ರ ಉಳಿದಿತ್ತು.

ಗಿಳಿ ಸಾಕಣೆಯ ಚರಿತ್ರೆಯನ್ನು ನಾವು ಯಾವಾಗಲೂ ಮಾತಾಡಿದ ಗಿಳಿಗಳಿಂದ ಬರೆದಿದ್ದೇವೆ. ನಾಲ್ಕರಲ್ಲಿ ಸತ್ತ ಮೂರನ್ನೂ ಸೇರಿಸಿ ಬರೆದರೆ 1972ರ ಕಾನೂನು ನಮ್ಮ ರೂಢಿಯ ಮೇಲೆ ಹೊರಗಿನಿಂದ ಬಂದ ಅಡ್ಡಿಯೆಂದು ಅನ್ನಿಸುವುದಿಲ್ಲ. ಬಾಣಭಟ್ಟ ಕಂಡದ್ದನ್ನು ದೇಶ ತಡವಾಗಿ ಒಪ್ಪಿಕೊಂಡಿತು ಅನ್ನಿಸುತ್ತದೆ. ಇನ್ನು ಕನ್ನಡದ ಮಾತು. ಗಡಿಯಲ್ಲಿ ಭಾಷೆ ಸವೆಯುವಾಗ ಅದನ್ನು ಎಲ್ಲಾದರೂ ಇಟ್ಟು ಕಾಪಾಡೋಣ ಎಂಬ ಆತುರ ನಮಗೆಲ್ಲ ಇದೆ. ಕ್ಯಾಸೆಟ್ಟಿನಲ್ಲಿ ಇಟ್ಟೆವು, ಈಗ ಮೊಬೈಲಿನಲ್ಲಿ ಇಡುತ್ತಿದ್ದೇವೆ, ಹಿರಿಯರು ಗಿಳಿಯ ಬಾಯಲ್ಲಿ ಇಡಬಯಸಿದರು. ಆದರೆ ಗಿಳಿ ಹೇಳುವುದು ಮನೆಯವರು ದಿನಕ್ಕೆ ನೂರು ಸಲ ಹೇಳಿದ್ದನ್ನು. ಅಷ್ಟು ಸಲ ಹೇಳುವವರಿದ್ದ ಮನೆಯಲ್ಲಿ ಮಕ್ಕಳೂ ಕಲಿಯುತ್ತಿದ್ದರು. ಗಿಳಿಗಾಗಿ ಎತ್ತಿಟ್ಟ ಆ ತಾಳ್ಮೆ ಮೊಮ್ಮಕ್ಕಳ ಪಾಲಿಗೆ ಬರಲಿ ಎಂದಷ್ಟೇ ನನ್ನ ವಿನಂತಿ.

ಆ ಮನೆಯವರು ಕೂಡಲೇ ಏನನ್ನೂ ತರಲಿಲ್ಲ. ಬೇಸಗೆ ಕಳೆಯಲಿ, ಅಷ್ಟರಲ್ಲಿ ಪಂಜರದ ಜಾಗ ನೋಡೋಣ, ತರುವುದಾದರೆ ಹಸಿರು ಕೆನ್ನೆಯದೇ, ಕಾಗದಪತ್ರ ಸರಿಯಿದ್ದರೆ ಮಾತ್ರ ಎಂದು ಗೃಹಿಣಿ ತೀರ್ಮಾನ ಹೇಳಿದರು. ಮರುದಿನ ಬೆಳಿಗ್ಗೆ ನಾನು ಹೊರಡುವ ಮೊದಲು ಹಾಲಿನವನು ಬಾಗಿಲು ತಟ್ಟಿದ. ಒಳಗಿನಿಂದ ಹುಡುಗಿ ದನಿಯೆತ್ತಿ "ಯಾರ್ ಬಂದಾರ ನೋಡ್ರಿ" ಎಂದಳು. ಹಿರಿಯರು ಕೋಲು ಹಿಡಿದು ಬಾಗಿಲಿಗೆ ನಡೆದರು.